ಕೂಡಲದ ಕಲ್ಲು ಹೇಳಿದ ಮಾತು

ಹತ್ತನೆಯ ತರಗತಿ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಪರೀಕ್ಷೆಯ ಹಾಲ್ ಟಿಕೆಟ್ಟೇ, ಬೀಳ್ಕೊಡುಗೆಯ ದಿನ ಹಂಚಿದ ಪೇಡೆಯೇ, ಆಟೋಗ್ರಾಫ್ ಪುಸ್ತಕದಲ್ಲಿ ಬರೆಸಿಕೊಂಡ ಶುಭಾಶಯಗಳೇ? ಅಕ್ಕಲಕೋಟದ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ 2001-02 ರಲ್ಲಿ ಹತ್ತನೆಯ ತರಗತಿ ಓದಿದ ನಮಗೆ ಮೊದಲು ನೆನಪಾಗುವುದು ಒಂದೇ ದಿನದ ಒಂದು ಪ್ರವಾಸ. ನಮ್ಮ ಕಡೆ ಅದನ್ನು ಮರಾಠಿಯವರಂತೆ 'ಸಹಲ' ಎನ್ನುತ್ತಾರೆ. ಬೆಳಗಿನ ಐದೂವರೆಗೆ ಹೊರಟು ರಾತ್ರಿ ಹತ್ತಕ್ಕೆ ಮರಳಿದೆವು. ನೋಡಿದ ಊರುಗಳು ದೂರದವೇನೂ ಅಲ್ಲ. ಆದರೂ ಅಂದು ಕಲಿತದ್ದನ್ನು ಇಪ್ಪತ್ತು ವರ್ಷ ಕಳೆದರೂ ನಾವು ಮರೆತಿಲ್ಲ.

ಗಡಿಯ ಊರು, ಗಡಿಯ ಶಾಲೆ

ಅಕ್ಕಲಕೋಟ ಸೋಲಾಪುರ ಜಿಲ್ಲೆಯ ಒಂದು ತಾಲೂಕಿನ ಊರು. ಸೋಲಾಪುರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್. ಇನ್ನಷ್ಟು ಮುಂದೆ ಹೋದರೆ ಕರ್ನಾಟಕದ ಆಳಂದ, ಅಫಜಲಪುರ ತಾಲೂಕುಗಳು ಸಿಗುತ್ತವೆ. ಒಂದು ಕಾಲಕ್ಕೆ ಇದು ಭೋಸಲೆ ಮನೆತನದ ಸಣ್ಣ ಸಂಸ್ಥಾನ. 1948 ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಗುರಾಣಿ, ಬಂದೂಕುಗಳನ್ನು ಇಂದಿಗೂ ನೋಡಬಹುದು. ಹೊರಗಿನವರಿಗೆ ಮಾತ್ರ ಅಕ್ಕಲಕೋಟ ಎಂದರೆ ಸ್ವಾಮಿ ಸಮರ್ಥರ ಊರು. 1878 ರಲ್ಲಿ ತೀರಿಕೊಂಡ ಆ ಸಂತರ ದರ್ಶನಕ್ಕೆಂದು, ಗುರುವಾರ ಬಂತೆಂದರೆ ಸಾಕು, ಪುಣೆ ಮುಂಬಯಿಗಳಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ.

1956 ರಲ್ಲಿ ಭಾಷಾವಾರು ಪ್ರಾಂತಗಳಾದಾಗ ನಮ್ಮ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960 ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಆದರೆ ಮೈಂದರ್ಗಿ, ದುಧನಿ, ನಾಗಣಸೂರ, ತೋಳನೂರ, ಕರಜಗಿಗಳಲ್ಲಿ ಮನೆಯ ಮಾತು ಕನ್ನಡವೇ. ಈ ಹಳ್ಳಿಗಳಿಂದ ಎಸ್.ಟಿ. ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುವ ಮಕ್ಕಳಿಂದಲೇ ನಮ್ಮ ಶಾಲೆ ತುಂಬುತ್ತಿತ್ತು.

ನಮ್ಮ ಓದು ಒಂದು ವಿಚಿತ್ರ ಓದು. ಪಾಠ ಕನ್ನಡದಲ್ಲಿ, ಪರೀಕ್ಷೆ ನಡೆಸುವ ಮಂಡಳಿ ಮಹಾರಾಷ್ಟ್ರದ್ದು. ಪುಣೆಯಲ್ಲಿ 1967 ರಲ್ಲಿ ಆರಂಭವಾದ 'ಬಾಲಭಾರತಿ' ಸಂಸ್ಥೆ ಮರಾಠಿ, ಉರ್ದು ಮುಂತಾದ ಭಾಷೆಗಳ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಹೀಗಾಗಿ ಶಿವಾಜಿಯ ಇತಿಹಾಸವನ್ನೂ ಸಹ್ಯಾದ್ರಿಯ ಭೂಗೋಲವನ್ನೂ ನಾವು ಕನ್ನಡದಲ್ಲೇ ಬಾಯಿಪಾಠ ಮಾಡಿದವರು. ಅಂಗಡಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಸಿನಿಮಾ ಟಾಕೀಜಿನಲ್ಲಿ ಹಿಂದಿ. ಗೈಡುಗಳಿಗೆ ಮಾತ್ರ ಬರ. ಮರಾಠಿ ಗೈಡು ಓದಿದರೆ ಶಬ್ದಗಳು ಬೇರೆ, ಗುಲಬರ್ಗಾದಿಂದ ತಂದ ಗೈಡು ತೆರೆದರೆ ಪಾಠಗಳೇ ಬೇರೆ! ಆದ್ದರಿಂದ ನಮ್ಮ ಮಾಸ್ತರರು ಹೇಳಿಕೊಟ್ಟದ್ದೇ ನಮಗೆ ವೇದವಾಕ್ಯ.

ಎಂಟನೆಯ ತರಗತಿಗೆ ಸೇರಿದಾಗ ನಾವು 46 ಮಂದಿ ಇದ್ದೆವು. ಹತ್ತನೆಯ ತರಗತಿಗೆ ಬರುವಾಗ 39 ಮಂದಿ. ಉಳಿದ ಏಳು ಮಂದಿ ಎಲ್ಲಿ ಹೋದರು ಎಂದು ನಾವು ಯಾರೂ ಕೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿತ್ತು, ಅಷ್ಟೆ. ಬೆಂಚಿನಲ್ಲಿ ಕೂರಲು ಜಾಗ ಸ್ವಲ್ಪ ಜಾಸ್ತಿಯಾಯಿತೆಂದು ಖುಷಿಪಟ್ಟವರೂ ನಮ್ಮಲ್ಲಿ ಇದ್ದರು.

ಬುತ್ತಿ ಕಟ್ಟಿಕೊಂಡು ಹೊರಟೆವು

ಡಿಸೆಂಬರ್ ತಿಂಗಳು. ಕ್ರಿಸ್ಮಸ್ ರಜೆಗೆ ಇನ್ನೂ ಕೆಲವು ದಿನವಿತ್ತು. ತಲಾ 110 ರೂಪಾಯಿ ಕೂಡಿಸಿ ಒಂದು ಕೆಂಪು ಬಸ್ಸನ್ನು ಗೊತ್ತುಮಾಡಿದ್ದರು. ಜೊತೆಗೆ ಕನ್ನಡ ಮಾಸ್ತರರು, ವಿಜ್ಞಾನದ ಮಾಸ್ತರರು, ಹುಡುಗಿಯರ ಜವಾಬ್ದಾರಿಗೆ ಹಿಂದಿ ಕಲಿಸುವ ಅಕ್ಕೋರು. ಚಳಿಗೆ ಕಿವಿಗೆ ಮಫ್ಲರ್ ಸುತ್ತಿ, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ನಾವು ಕತ್ತಲಲ್ಲೇ ಶಾಲೆಯ ಮುಂದೆ ನಿಂತಿದ್ದೆವು. ಗಂಟು ಬಿಚ್ಚಿದರೆ ಎಲ್ಲರದೂ ಒಂದೇ: ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು.

ಹಾಡು ಹೇಳುತ್ತ, ಅಂತ್ಯಾಕ್ಷರಿ ಆಡುತ್ತ ವಳಸಂಗ ದಾಟಿದೆವು, ಕುಂಭಾರಿ ದಾಟಿದೆವು. ಆಗ ಕುಂಭಾರಿಯ ಬಳಿ ರಸ್ತೆಯ ಬದಿಗೆ ಬಯಲು ಜಮೀನು. ಈಗ ಹೋದವರಿಗೆ ಅಲ್ಲಿ ಮನೆಗಳ ದೊಡ್ಡ ಊರೇ ಕಾಣುತ್ತದೆ. ಬೀಡಿ ಕಟ್ಟುವ ಹೆಂಗಸರಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ವಸತಿ 2006 ರಲ್ಲಿ ಅಲ್ಲಿ ಎದ್ದುನಿಂತಿತು.

ಸೂರ್ಯ ಮೇಲೆ ಬರುವಷ್ಟರಲ್ಲಿ ಸೋಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿದ್ದೆವು. ಕನ್ನಡ ಮಾಸ್ತರರಿಗೆ ಅಲ್ಲಿ ಉತ್ಸಾಹವೋ ಉತ್ಸಾಹ. ಸೊನ್ನಲಿಗೆ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ತೋಡಿಸಿದ್ದು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ್ದು, ಮುಂದೆ ಕಲ್ಯಾಣದ ಶರಣರ ಜೊತೆ ಸೇರಿ ಕನ್ನಡದಲ್ಲಿ ವಚನ ಬರೆದದ್ದು, ಕವಿ ರಾಘವಾಂಕ ಆತನ ಬಗ್ಗೆ 'ಸಿದ್ಧರಾಮ ಚಾರಿತ್ರ' ಎಂಬ ಕಾವ್ಯವನ್ನೇ ರಚಿಸಿದ್ದು, ಎಲ್ಲವನ್ನೂ ಹೇಳಿದರು. "ಪುಸ್ತಕದಾಗ ಓದಿದ ಊರು ನಮ್ಮ ಮನಿ ಬಾಜೂಕ ಅದ ನೋಡ್ರಿ" ಎಂದರು. ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಇನ್ನು ಮೂರ್ನಾಲ್ಕು ವಾರವಷ್ಟೇ ಇತ್ತು.

ಪಕ್ಕದಲ್ಲೇ ಬಹಮನಿ ಕಾಲದ ಭುಯಿಕೋಟ ಕೋಟೆ. ಅಲ್ಲಿಂದ ನಾಲ್ವರು ಹುತಾತ್ಮರ ಚೌಕ. 1930 ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಸೋಲಾಪುರ ಎದ್ದುನಿಂತಿತು. ಬ್ರಿಟಿಷರ ಆಡಳಿತ ಕೆಲವು ದಿನ ಇಲ್ಲಿ ನಡೆಯಲೇ ಇಲ್ಲ. ಆಮೇಲೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಇವರನ್ನು 1931 ರ ಜನವರಿ 12 ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ವರು ನಾಲ್ಕು ಮನೆತನದವರು, ಬೇರೆ ಬೇರೆ ಮಾತು, ಬೇರೆ ಬೇರೆ ದೇವರು. ಸಾವು ಮಾತ್ರ ಒಂದೇ ದಿನ, ಒಂದೇ ಕಾರಣಕ್ಕೆ. ಆ ಪುತ್ಥಳಿಗಳ ಮುಂದೆ ನಮ್ಮ ಗದ್ದಲ ತಾನಾಗಿಯೇ ನಿಂತಿತು.

ಮಗ್ಗದ ಹಿಂದೆ ಕಂಡ ಮುಖ

ಸೋಲಾಪುರ ಎಂದರೆ ಚಾದರ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದಲೂ ಇದು ಬಟ್ಟೆ ಗಿರಣಿಗಳ ಊರು. ತೆಲುಗು ನಾಡಿನಿಂದ ಬಂದ ಪದ್ಮಶಾಲಿ ನೇಕಾರರು ಊರಿನ ಪೂರ್ವ ಭಾಗದಲ್ಲಿ ಮನೆ ಮನೆಗೂ ಮಗ್ಗ ಹಾಕಿದರು. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಪವರ್‌ಲೂಮುಗಳ ಖಟಖಟ ನಿಲ್ಲಲಿಲ್ಲ. 2005 ರಲ್ಲಿ ಸೋಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಜಕಾರ್ಡ್ ಯಂತ್ರ ತೋರಿಸಬೇಕೆಂಬುದು ವಿಜ್ಞಾನದ ಮಾಸ್ತರರ ಹಟ. ಪರಿಚಯದವರ ಒಂದು ಕಾರ್ಖಾನೆಗೆ ನಮ್ಮನ್ನು ಕರೆದೊಯ್ದರು. ಮಗ್ಗದ ಮೇಲ್ಗಡೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ತಿರುಗುತ್ತಿತ್ತು. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ನಡುವೆ ಲಾಳಿ ಹೊಕ್ಕಿನ ನೂಲನ್ನು ಒಯ್ಯುತ್ತದೆ. ಹೀಗೆ ಎಳೆಯ ಮೇಲೆ ಎಳೆ ಕೂಡಿ ನವಿಲು ಮೂಡುತ್ತದೆ, ಹೂವು ಅರಳುತ್ತದೆ. ನಾವು ಬೆರಗಾಗಿ ನೋಡುತ್ತಿದ್ದೆವು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ.

ಆಗಲೇ ಮೂಲೆಯ ಮಗ್ಗದ ಹಿಂದೆ ಒಬ್ಬ ಹುಡುಗ ಸರಕ್ಕನೆ ಬಗ್ಗಿದ್ದು ನಮ್ಮಲ್ಲಿ ಒಂದಿಬ್ಬರ ಕಣ್ಣಿಗೆ ಬಿತ್ತು. ಕೂದಲ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಬಿಳಿ ಧೂಳು. ಹತ್ತಿರ ಹೋಗಿ ನೋಡಿದರೆ ನಮ್ಮವನೇ! ಒಂಬತ್ತನೆಯ ತರಗತಿಯವರೆಗೆ ನಮ್ಮ ಬೆಂಚಿನಲ್ಲೇ ಕುಳಿತವನು, ಬೀಜಗಣಿತದಲ್ಲಿ ನಮಗೆಲ್ಲ ಲೆಕ್ಕ ಬಿಡಿಸಿ ಕೊಡುತ್ತಿದ್ದವನು. ಕೆಂಪು ಗೆರೆ ಬಿದ್ದ ಏಳು ಹೆಸರುಗಳಲ್ಲಿ ಒಂದು ಅವನದು.

ಅವನು ಬಗ್ಗಿದ್ದು ಎಳೆ ಜೋಡಿಸಲಿಕ್ಕೆ ಅಲ್ಲ, ನಮ್ಮಿಂದ ಅಡಗಲಿಕ್ಕೆ ಎಂದು ನಮಗೆ ಅರ್ಥವಾಯಿತು. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತ ನಮಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಕನ್ನಡ ಮಾಸ್ತರರೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆತಂದರು.

"ಏನೋ ತಮ್ಮಾ, ಸಾಲಿ ಬಿಟ್ಟು ಇಲ್ಲೇನ್ ಮಾಡ್ಲಿಕತ್ತೀದಿ?"

"ಬಾವಿ ಬತ್ತಿತ್ರಿ ಸರ್. ಹೊಲ ಬಿಟ್ಟು ಎಲ್ಲಾರೂ ಇಲ್ಲಿಗೇ ಬಂದೀವ್ರಿ. ಅಪ್ಪಗ ದಮ್ಮು. ಮಗ್ಗ ನಾನೇ ನಡಸ್ತೀನ್ರಿ."

ಮಾತು ಜೋರಾಗಿತ್ತು. ಸಿಟ್ಟಿನಿಂದ ಅಲ್ಲ, ಮಗ್ಗದ ಸಪ್ಪಳದಲ್ಲಿ ಕೂಗಿ ಕೂಗಿ ಅವನಿಗೆ ಅದೇ ರೂಢಿಯಾಗಿತ್ತು. ಮಾಸ್ತರರು ಮಾಲೀಕರ ಬಳಿ ಹೋಗಿ ಏನೋ ಕೇಳಿಕೊಂಡರು. ಅವರು ತೆಲುಗು ಬೆರೆತ ಮರಾಠಿಯಲ್ಲಿ, "ಕರಕೊಂಡು ಹೋಗಿ ಸರ್, ರಾತ್ರಿ ಪಾಳಿಗೆ ಬಂದರೆ ಸಾಕು" ಎಂದರು. ಹೀಗೆ 39 ಮಂದಿಯ ಬಸ್ಸಿನಲ್ಲಿ ನಾವು 40 ಮಂದಿಯಾದೆವು.

ಭೀಮಾ, ಸೀನಾ ಕೂಡುವಲ್ಲಿ

ಸೋಲಾಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಹತ್ತರಸಂಗ ಕೂಡಲ. ಭೀಮಾ ಮತ್ತು ಸೀನಾ ನದಿಗಳು ಅಲ್ಲಿ ಕೂಡುತ್ತವೆ. ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮದ ಹಾಗೆ ಇದೂ ಅಚ್ಚ ಕನ್ನಡದ ಹೆಸರು. ಭೀಮೆಯ ಆಚೆ ದಂಡೆ ಕರ್ನಾಟಕ. ನೀರಿಗೆ ಮಾತ್ರ ಯಾವ ಕಡೆ ಯಾವ ರಾಜ್ಯ ಎಂಬುದು ಗೊತ್ತಿಲ್ಲ.

ದಾರಿಯಲ್ಲಿ ಬುತ್ತಿ ಬಿಚ್ಚಿದೆವು. ಮೊದಮೊದಲು ಅವನು ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತಿದ್ದ. ಯಾರೋ ಒಬ್ಬರು ರೊಟ್ಟಿ ಮುರಿದು ಅವನ ಕೈಗಿಟ್ಟರು, ಇನ್ನೊಬ್ಬರು ಚಟ್ನಿ ಸುರಿದರು. ಒಂದು ತುತ್ತು ತಿಂದವನೇ, "ಇದು ತೋಳನೂರ ಚಟ್ನಿ ಅಲ್ಲೇನೋ, ಬೆಳ್ಳುಳ್ಳಿ ಜಾಸ್ತಿ" ಎಂದ. ಸರಿಯಾಗಿತ್ತು! ಇಡೀ ಬಸ್ಸು ನಕ್ಕಿತು. ಆಮೇಲೆ ಅವನು ನಮ್ಮವನಾದ.

ಕೂಡಲದಲ್ಲಿ ಸಂಗಮೇಶ್ವರ ಮತ್ತು ಹರಿಹರೇಶ್ವರ ಎಂಬ ಹಳೆಯ ಗುಡಿಗಳಿವೆ. ಸಾವಿರ ವರ್ಷದ ಹಿಂದಿನ ಕಲ್ಲಿನ ಕೆಲಸ. 1990 ರ ದಶಕದ ಕೊನೆಗೆ ಇಲ್ಲಿ ಮಣ್ಣು ಅಗೆದಾಗ ಮುನ್ನೂರೈವತ್ತಕ್ಕೂ ಹೆಚ್ಚು ಪುಟ್ಟ ಮುಖಗಳನ್ನು ಕೆತ್ತಿದ ದೊಡ್ಡದೊಂದು ಶಿವಲಿಂಗ ಸಿಕ್ಕಿತು. ನಾವು ಹುಡುಗರು ಮುಖಗಳನ್ನು ಎಣಿಸಲು ಹೋಗಿ ಐವತ್ತಕ್ಕೇ ತಪ್ಪಿದೆವು.

ಮಾಸ್ತರರು ನಮ್ಮನ್ನು ಸಂಗಮೇಶ್ವರ ಗುಡಿಯ ಒಳಗೆ ಕರೆದು, ಒಂದು ಕಲ್ಲಿನ ತೊಲೆಯ ಕಡೆ ಬೆರಳು ಮಾಡಿದರು. ಅಲ್ಲಿ ಶಕ ವರ್ಷ 940 ರ, ಎಂದರೆ ಕ್ರಿ.ಶ. 1018 ರ ಒಂದು ಶಾಸನ. ಮರಾಠಿ ಭಾಷೆಯ ಅತಿ ಹಳೆಯ ಶಾಸನಗಳ ಸಾಲಿಗೆ ಸೇರಿದ್ದು. ಊರ ಹೆಸರು ಕನ್ನಡ, ಕಲ್ಲಿನ ಮೇಲಿನ ಮಾತು ಮರಾಠಿ! ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ, ಚಾದರ ಒಂದೇ. ಆ ಶಾಸನದ ಕೊನೆಯ ಮಾತಿನ ಅರ್ಥವನ್ನು ಮಾಸ್ತರರು ಹೇಳಿದರು: ಇದನ್ನು ಓದುವವನು ವಿಜಯಿಯಾಗುತ್ತಾನೆ.

ಪರೀಕ್ಷೆಗೆ ಮೂರು ತಿಂಗಳು ಉಳಿದಿದ್ದ ನಮಗೆ ಇದಕ್ಕಿಂತ ಒಳ್ಳೆಯ ಆಶೀರ್ವಾದ ಬೇಕೆ? "ಹಂಗಾದ್ರ ನಾವೆಲ್ಲ ಪಾಸು!" ಎಂದು ಕೇಕೆ ಹಾಕಿದೆವು. ಗುಡಿಯ ಪಾರಿವಾಳಗಳು ಹಾರಿಹೋದವು. ಆ ಗದ್ದಲ ಇಳಿದ ಮೇಲೆ ಹಿಂದಿನಿಂದ ಅವನ ದನಿ ಕೇಳಿತು. ಈಗ ಅದು ಜೋರಾಗಿರಲಿಲ್ಲ.

"ಸರ್, ಓದೂದು ಬಿಟ್ಟವರಿಗೆ ಏನಂತ ಬರದಾರ್ರಿ?"

ನಮ್ಮ ಮಾಸ್ತರರು ಯಾವ ಪ್ರಶ್ನೆಗೂ ತಡವರಿಸಿದವರಲ್ಲ. ಅಂದು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿಕೊಂಡರು. ಕೊನೆಗೆ, "ಕಲ್ಲು ಎಲ್ಲಿಗೂ ಹೋಗೂದಿಲ್ಲ ತಮ್ಮಾ. ಸಾವಿರ ವರ್ಷ ಕಾದದ. ನೀ ಬರೂತನಕಾನೂ ಕಾಯ್ತದ" ಎಂದರು.

ಹದಿನೇಳು ನಂಬರಿನ ಫಾರ್ಮು

ಮರಳುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆಯಲಿಲ್ಲ. ಅವನನ್ನು ಸೋಲಾಪುರದಲ್ಲಿ ಇಳಿಸಿದೆವು. ಅವನು ನೇರವಾಗಿ ರಾತ್ರಿ ಪಾಳಿಗೆ ಹೋದ. ಅಕ್ಕಲಕೋಟ ಮುಟ್ಟುವತನಕ ಅಕ್ಕೋರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು: "ಒಂದೂವರಿ ವರ್ಷದಾಗ ನಿಮ್ಮಾಗ ಒಬ್ಬರಾದ್ರೂ ಅವನ ಮನಿಗೆ ಹೋಗಿದ್ರೇನು?" ಯಾರೂ ಹೋಗಿರಲಿಲ್ಲ.

ಮಹಾರಾಷ್ಟ್ರದಲ್ಲಿ ಶಾಲೆ ಬಿಟ್ಟವರಿಗೂ ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕೂರಲು ಅವಕಾಶವಿದೆ. ಅದಕ್ಕೆ ತುಂಬುವ ಅರ್ಜಿಯನ್ನು ಎಲ್ಲರೂ 'ಹದಿನೇಳು ನಂಬರಿನ ಫಾರ್ಮು' ಎಂದೇ ಕರೆಯುತ್ತಾರೆ. ಆ ವರ್ಷದ ಅರ್ಜಿಯ ಸಮಯ ಮುಗಿದುಹೋಗಿತ್ತು. ಮುಂದಿನ ವರ್ಷಕ್ಕಾದರೂ ತುಂಬಿಸಬೇಕೆಂದು ಮಾಸ್ತರರು ನಿಶ್ಚಯಿಸಿದರು. ಶಾಲೆ ಬಿಟ್ಟ ದಾಖಲೆಯನ್ನು ತೆಗೆಸಿದರು. ಆದರೆ ಫೀ, ಪುಸ್ತಕ?

ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಹತ್ತನೆಯವರು ಬೀಳ್ಕೊಡುಗೆಯ ದಿನ ಹಣ ಕೂಡಿಸಿ ಶಾಲೆಗೆ ಗೋಡೆ ಗಡಿಯಾರ ಕೊಡಬೇಕು. ಅದರ ಮೇಲೆ ಬ್ಯಾಚಿನ ವರ್ಷ ಬರೆಸಬೇಕು. ನಮ್ಮ ಗಡಿಯಾರದ ಹಣವೂ ಕೂಡಿತ್ತು. ಆ ಹಣವನ್ನೂ ನಮ್ಮ ಪರೀಕ್ಷೆ ಮುಗಿದ ಮೇಲೆ ನಮ್ಮ ಪುಸ್ತಕಗಳನ್ನೂ ಅವನಿಗೆ ಕೊಡುವುದೆಂದು ತೀರ್ಮಾನಿಸಿದೆವು. ಇದಕ್ಕೆ ನಮ್ಮಲ್ಲೇ ವಿರೋಧವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. "ಗೋಡಿ ಮ್ಯಾಲ ನಮ್ಮ ಹೆಸರೇ ಇರೂದಿಲ್ಲಲಾ" ಎಂದು ಮುನಿದವರಿದ್ದರು.

2002 ರ ಮಾರ್ಚಿನಲ್ಲಿ ನಾವು ಪರೀಕ್ಷೆ ಬರೆದೆವು. ಓದುವವನು ವಿಜಯಿ ಎಂಬ ಮಾತು ಓದಿದವರಿಗಷ್ಟೇ ಅನ್ವಯಿಸಿತು. ನಮ್ಮಲ್ಲಿ ಐವರು ನಪಾಸಾದರು. ಮರುವರ್ಷ ಅವನು ಹಗಲು ಓದಿ, ರಾತ್ರಿ ಮಗ್ಗ ನಡೆಸಿ ಪರೀಕ್ಷೆಗೆ ಕುಳಿತ. ಇಂಗ್ಲಿಷಿನಲ್ಲಿ ನಪಾಸು. ಅಕ್ಟೋಬರಿನಲ್ಲಿ ಮತ್ತೆ ಕುಳಿತ. ಪಾಸಾದ. ಫಲಿತಾಂಶ ತಿಳಿದ ದಿನ ಮಾಸ್ತರರ ಮನೆಗೆ ಅರ್ಧ ಕಿಲೋ ಪೇಡೆ ಹಿಡಿದುಕೊಂಡು ಬಂದಿದ್ದ.

ಮತ್ತೆ ಅದೇ ದಾರಿ

2023 ರ ಡಿಸೆಂಬರಿನಲ್ಲಿ ನಾವು ಹದಿನೆಂಟು ಮಂದಿ ಮತ್ತೆ ಸೇರಿದೆವು. ಪುಣೆಯಿಂದ, ಕಲಬುರಗಿಯಿಂದ, ಬೆಂಗಳೂರಿನಿಂದ ಬಂದವರಿದ್ದರು. ಮೊದಲು ಶಾಲೆಗೆ ಹೋದೆವು. ಸಭಾಗೃಹದ ಗೋಡೆಯ ಮೇಲೆ ಸಾಲಾಗಿ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತ ನಿಂತಿದ್ದವು. ಹೆಚ್ಚಿನವುಗಳಿಗೆ ಸೆಲ್ ಇರಲಿಲ್ಲ. ನಮ್ಮ ವರ್ಷದ್ದು ಇಲ್ಲವೇ ಇಲ್ಲ. ಅಂದು ಮುನಿದವರೇ ಅದನ್ನು ಎಲ್ಲರಿಗಿಂತ ಮೊದಲು ತೋರಿಸಿ ನಕ್ಕರು.

ಅವನೂ ಬಂದಿದ್ದ. ಈಗ ಒಂದು ಕಾರ್ಖಾನೆಯಲ್ಲಿ ಜಾಬರ್, ಎಂದರೆ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡಿ ಸರಿದಾರಿಗೆ ತರುವ ಮೇಸ್ತ್ರಿ. "ಹತ್ತನೇದು ಪಾಸಾಗದಿದ್ರೂ ಈ ಕೆಲಸ ಸಿಗ್ತಿತ್ತು. ಆದ್ರ ಮಶೀನಿನ ಪುಸ್ತಕ ಓದಾಕ ಹೆದರಿಕಿ ಹೋತು" ಎಂದ. ಜೊತೆಗೆ ಮಗಳನ್ನು ಕರೆತಂದಿದ್ದ. ಅವಳು ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿ. ಕನ್ನಡದ ಅಕ್ಷರಗಳನ್ನು ತಂದೆಯೇ ಮನೆಯಲ್ಲಿ ಕಲಿಸಿದ್ದಾನೆ.

ಎಲ್ಲರೂ ಕೂಡಲಕ್ಕೆ ಹೋದೆವು. ನಮ್ಮ ಕನ್ನಡ ಮಾಸ್ತರರು ಈಗಿಲ್ಲ. ತೊಲೆಯ ಕೆಳಗೆ ನಿಂತು ನಾವು ಕತ್ತೆತ್ತಿ ನೋಡಿದೆವು. ಆ ಹುಡುಗಿ ಮಾತ್ರ ಮೊಬೈಲಿನ ಬೆಳಕು ಬಿಟ್ಟು, ಹಳೆಯ ಲಿಪಿಯ ಒಂದೊಂದೇ ಅಕ್ಷರವನ್ನು ಕೂಡಿಸಲು ನೋಡಿದಳು. ಎರಡಕ್ಷರ ಸಿಕ್ಕಿತು, ಮೂರನೆಯದು ತಪ್ಪಿತು, ಮತ್ತೆ ಮೊದಲಿನಿಂದ ಆರಂಭಿಸಿದಳು. ತಂದೆ ಏನೂ ಹೇಳಲಿಲ್ಲ. ಕೈಕಟ್ಟಿ ನಿಂತು ಮಗಳನ್ನೇ ನೋಡುತ್ತಿದ್ದ.

ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯಿತು ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಕೆಂಪು ಗೆರೆ ಬಿದ್ದವರು ಏಳು ಮಂದಿ. ಅವರಲ್ಲಿ ನಾಲ್ವರು ಹುಡುಗಿಯರು. ಇವನೊಬ್ಬ ಸಿಕ್ಕಿದ್ದು ನಾವು ಹುಡುಕಿದ್ದರಿಂದ ಅಲ್ಲ, ನಮ್ಮ ಬಸ್ಸು ಆ ಕಾರ್ಖಾನೆಯ ಮುಂದೆ ನಿಂತದ್ದರಿಂದ. ಆಮೇಲೆ ಇನ್ನಿಬ್ಬರ ಸುದ್ದಿ ತಿಳಿಯಿತು. ಹುಡುಗಿಯರಲ್ಲಿ ಒಬ್ಬಳ ವಿಳಾಸವೂ ನಮಗೆ ಇಂದಿಗೂ ದೊರೆತಿಲ್ಲ.

ನಿಮ್ಮ ಮನೆಯಲ್ಲೂ ಹತ್ತನೆಯ ತರಗತಿಯ ಮಗನೋ ಮಗಳೋ ಇರಬಹುದು. ಪ್ರವಾಸಕ್ಕೆ ಹಣ ಕೊಡಿ, ಬುತ್ತಿ ಕಟ್ಟಿಕೊಡಿ, ಸಂತೋಷದಿಂದ ಕಳಿಸಿಕೊಡಿ. ಹಾಗೆಯೇ ಬಸ್ಸು ಹತ್ತುವ ಮೊದಲು ಒಂದು ಮಾತು ಕೇಳಿ: "ನಿಮ್ಮ ಕ್ಲಾಸಿನಲ್ಲಿ ಮೊದಲು ಇದ್ದು ಈಗ ಇಲ್ಲದವರು ಯಾರು? ಅವರ ಮನೆ ಎಲ್ಲಿದೆ?"